ದಂಡಿನ ಲೆಕ್ಕವೂ ನಾಡಿನ ಜ್ವರವೂ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯ ಹೊರಟವರಿಗೆ ದಂಡಿನ ದಫ್ತರಗಳಷ್ಟು ಒಪ್ಪವಾದ ಆಧಾರ ಬೇರೊಂದು ದೊರೆಯುವುದು ಕಷ್ಟ. ಪಲಟಣದಲ್ಲಿ ಎಷ್ಟು ಮಂದಿ ಇದ್ದರೆಂಬುದು ದಿನದಿನದ ಹಾಜರಿಯಿಂದ ತಿಳಿಯುತ್ತದೆ. ಬೇನೆ ಬಿದ್ದವನನ್ನು ವೈದ್ಯನೇ ನೋಡುತ್ತಾನೆ. ಆಸ್ಪತ್ರೆಗೆ ಸೇರಿದ ದಿನ, ಬಿಟ್ಟ ದಿನ, ಸತ್ತರೆ ಸತ್ತ ದಿನ, ಎಲ್ಲವೂ ಬರೆಹದಲ್ಲಿ ನಿಲ್ಲುತ್ತವೆ. ಊರ ಲೆಕ್ಕದ ಸ್ಥಿತಿ ಹೀಗಲ್ಲ. 1918ರಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ಸಾವಿನ ಕಾರಣವನ್ನು ಬರೆಯುತ್ತಿದ್ದವನು ವೈದ್ಯನಲ್ಲ, ಗ್ರಾಮಾಧಿಕಾರಿ. ಅವನ ಪುಸ್ತಕದಲ್ಲಿ ಕಾಲರಾ, ಸಿಡುಬು, ಪ್ಲೇಗು ಇವಕ್ಕೆ ಬೇರೆ ಬೇರೆ ಅಂಕಣಗಳಿದ್ದರೂ ಮಿಕ್ಕವುಗಳಲ್ಲಿ ಬಹುಪಾಲು ‘ಜ್ವರ’ ಎಂಬ ಒಂದೇ ಅಂಕಣಕ್ಕೆ ಬೀಳುತ್ತಿತ್ತು. ಹೀಗಿರುವಲ್ಲಿ ವಿದ್ವಾಂಸರ ಕಣ್ಣು ದಂಡಿನ ಕಡೆಗೆ ಹೊರಳುವುದು ಸಹಜವೇ ಸರಿ. ಆದರೆ ಒಪ್ಪವಾಗಿ ಎಣಿಸಿದ್ದು ಬೇರೆ, ಎಣಿಸಿದ್ದು ಯಾರನ್ನು ಎಂಬುದು ಬೇರೆ. ಈ ಎರಡನ್ನೂ ಒಂದೆಂದು ತಿಳಿದುದರಿಂದ ಹುಟ್ಟಿರುವ ಕೆಲವು ನಿರ್ಣಯಗಳನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ನಮ್ಮ ಶಾಸ್ತ್ರಕಾರರಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದೊಂದುಂಟು. ಅನ್ನ ಬೆಂದಿತೋ ಇಲ್ಲವೋ ನೋಡಲು ಗಡಿಗೆಯ ಅಗುಳುಗಳನ್ನೆಲ್ಲ ಹಿಸುಕಬೇಕಾಗಿಲ್ಲ, ಒಂದನ್ನು ಹಿಸುಕಿದರೆ ಸಾಕು. ದಂಡಿನ ಲೆಕ್ಕದಿಂದ ನಾಡಿನ ಲೆಕ್ಕವನ್ನು ಊಹಿಸುವವರೆಲ್ಲರೂ ಅರಿತೋ ಅರಿಯದೆಯೋ ಈ ನ್ಯಾಯವನ್ನೇ ಹಿಡಿದಿರುತ್ತಾರೆ. ನ್ಯಾಯವು ನಿರ್ದುಷ್ಟವಾದುದೇ, ಆದರೆ ಅದಕ್ಕೊಂದು ನಿಯಮವುಂಟು. ಹಿಸುಕಿದ ಅಗುಳು ಅದೇ ಗಡಿಗೆಯದಾಗಿರಬೇಕು, ಅದೇ ಅಕ್ಕಿಯದಾಗಿರಬೇಕು, ಅದೇ ಉರಿಯಲ್ಲಿ ಬೆಂದಿರಬೇಕು. ಸಿಪಾಯಿಯು ಹೀಗೆ ತನ್ನ ಊರಿನ ಗಡಿಗೆಯಿಂದ ಕೈಗೆ ಸಿಕ್ಕಂತೆ ತೆಗೆದ ಅಗುಳಲ್ಲ. ಎದೆಯ ಅಳತೆ, ಕಣ್ಣು, ಹಲ್ಲು, ವಯಸ್ಸು ಎಲ್ಲವನ್ನೂ ನೋಡಿ ಆರಿಸಿ ತೆಗೆದವನು ಅವನು. ಮುದುಕನಾಗುವ ಮೊದಲೇ ದಂಡನ್ನು ಬಿಡುತ್ತಾನೆ. ಬಹಳ ಕಾಲದ ರೋಗಿಯಾದರೆ ಅಸಮರ್ಥನೆಂದು ಹೆಸರು ಹೊಡೆಸಿಕೊಂಡು ಮನೆಗೆ ಬರುತ್ತಾನೆ, ಮತ್ತು ಅವನ ಸಾವು ಆಮೇಲೆ ಊರ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ದಂಡಿನ ಲೆಕ್ಕಕ್ಕಲ್ಲ.

1918ರ ಇನ್‌ಫ್ಲುಯೆಂಜಾವನ್ನು ಮೊದಲು ತೆಗೆದುಕೊಳ್ಳೋಣ. ಆ ರೋಗದ ವಿಚಿತ್ರವೇನೆಂದರೆ, ಮಾಮೂಲಿನ ಶೀತಜ್ವರದಂತೆ ಎಳೆಗೂಸುಗಳನ್ನೂ ಹಣ್ಣುಮುದುಕರನ್ನೂ ಮಾತ್ರ ಹಿಡಿಯದೆ, ಇಪ್ಪತ್ತರಿಂದ ನಾಲ್ವತ್ತರ ಒಳಗಿನ ಗಟ್ಟಿಮುಟ್ಟಾದವರನ್ನೇ ಅದು ಹೆಚ್ಚಾಗಿ ಕೊಂಡೊಯ್ಯಿತು. ಆ ವಯಸ್ಸೇ ದಂಡಿನ ವಯಸ್ಸು. ಆದುದರಿಂದ ಆ ವರ್ಷದ ಪಲಟಣದ ಮರಣಪ್ರಮಾಣವನ್ನು ಎತ್ತಿ ಊರಿನ ಮಕ್ಕಳುಮುದುಕರ ಮೇಲೆಯೂ ಸಮನಾಗಿ ಹರಡಿದರೆ ವಯಸ್ಸಿನ ದೆಸೆಯಿಂದ ಲೆಕ್ಕ ಹೆಚ್ಚಾಗಿ ಬರುವುದು. ಇಷ್ಟಕ್ಕೇ ನಿಲ್ಲುವಂತಿದ್ದರೆ ತಿದ್ದುಪಡಿ ಸುಲಭವಾಗುತ್ತಿತ್ತು. ಆದರೆ ಇನ್ನೊಂದು ಕಡೆಯಿಂದ ಲೆಕ್ಕ ಕಡಿಮೆಯಾಗುವ ಕಾರಣಗಳೂ ಇವೆ. 1918ರಲ್ಲಿ ಮಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಸಿಪಾಯಿಗೆ ಸರಕಾರದ ಪಡಿಯೂ ಆಸ್ಪತ್ರೆಯ ಮಂಚವೂ ಇದ್ದುವು. ಕೂಲಿಯವನಿಗೆ ಎರಡೂ ಇರಲಿಲ್ಲ. ಅನ್ನವೂ ಮನೆಯೂ ಆರೈಕೆಯೂ ಎಷ್ಟು ಅಂತರವನ್ನುಂಟುಮಾಡುತ್ತವೆ ಎಂಬುದಕ್ಕೆ ಮುಂಬಯಿ ನಗರದ ಲೆಕ್ಕವೇ ಸಾಕು. ಅಲ್ಲಿ ಸಾವಿರಕ್ಕೆ ಯುರೋಪಿಯನರು 8.3, ಪಾರ್ಸಿಗಳು 9.0, ಮುಸಲ್ಮಾನರು 19.2, ಸವರ್ಣ ಹಿಂದುಗಳು 18.9ರಂತೆ ತೀರಿಕೊಂಡರೆ, ಅಂದಿನ ವರದಿಗಳು ‘ಕೆಳಜಾತಿ’ಯವರೆಂದು ಕರೆದ ಜನರಲ್ಲಿ ಅದೇ ಪ್ರಮಾಣ 61.6 ಆಗಿತ್ತು. ಊರು ಒಂದೇ, ರೋಗ ಒಂದೇ, ತಿಂಗಳುಗಳೂ ಅವೇ. ಏಳು ಪಾಲಿಗೂ ಮಿಕ್ಕ ಈ ಅಂತರವನ್ನು ಕಂಡ ಮೇಲೆ ಪಡಿಯುಂಡ ಸಿಪಾಯಿಯನ್ನು ಗೇಣಿಯ ಒಕ್ಕಲಿಗೆ ಅಳತೆಗೋಲು ಮಾಡುವುದು ಹೇಗೆ?

ಅದಲ್ಲದೆ ದಂಡಿನ ಲೆಕ್ಕದಲ್ಲಿ ಹೆಂಗಸರಿಲ್ಲ. ಹಿಂದುಸ್ಥಾನದಲ್ಲಿ ಆ ವರ್ಷ ನಡುವಯಸ್ಸಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಿನ ಪ್ರಮಾಣದಲ್ಲಿ ಸತ್ತರೆಂಬುದು ತಜ್ಞರು ಒಪ್ಪಿದ ಸಂಗತಿ. ಮನೆಯಲ್ಲಿ ಎಲ್ಲರೂ ಮಲಗಿದಾಗ ಗಂಜಿ ಕಾಯಿಸಿಕೊಟ್ಟವಳು ಕಡೆಗೆ ತಾನು ಮಲಗಿದಳು. ಪಲಟಣದ ಪುಸ್ತಕವನ್ನು ಎಷ್ಟು ಸಲ ತಿರುವಿ ಹಾಕಿದರೂ ಇವಳು ಅದರಲ್ಲಿ ಸಿಕ್ಕುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ದಂಡಿನ ಲೆಕ್ಕವನ್ನು ಬಿಟ್ಟರೆ ಉಳಿಯುವುದೇನು? ಊರ ಲೆಕ್ಕದಿಂದ ಹೊರಟವರೂ ಒಂದೇ ಸಂಖ್ಯೆಗೆ ಬಂದು ಮುಟ್ಟಿಲ್ಲವಲ್ಲ? ನಿಜ. ಹಿಂದುಸ್ಥಾನ ಸರಕಾರದ ಆರೋಗ್ಯಾಧಿಕಾರಿಯಾಗಿದ್ದ ನಾರ್ಮನ್ ವೈಟ್ ಅವರು ಮೊದಲಿಗೆ ಹೇಳಿದ್ದು ಸುಮಾರು 60 ಲಕ್ಷ ಸಾವು. 1921ರ ಜನಗಣತಿಯವರು ಅದನ್ನು ಒಂದೂಕಾಲು ಕೋಟಿಯ ಸಮೀಪಕ್ಕೆ ಏರಿಸಿದರು. 1951ರಲ್ಲಿ ಕಿಂಗ್ಸ್ಲಿ ಡೇವಿಸ್ ಅವರು 1 ಕೋಟಿ 85 ಲಕ್ಷದವರೆಗೆ ಹೋದರು. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸುಮಾರು 1 ಕೋಟಿ 39 ಲಕ್ಷಕ್ಕೆ ಇಳಿಸಿತು. ಅವರವರು ಎಣಿಸಿದ ಸೀಮೆಯ ಎಲ್ಲೆಗಳೂ ಒಂದೇ ಆಗಿಲ್ಲವೆಂಬುದನ್ನು ನೆನಪಿಡಬೇಕು. ಆದರೆ ಈ ಭೇದಗಳ ಕಾರಣವನ್ನು ಹುಡುಕಿ ತೆಗೆಯಬಹುದು, ಏಕೆಂದರೆ ಇವರೆಲ್ಲರೂ ತಮ್ಮ ಛೇದ ಯಾವುದೆಂಬುದನ್ನು, ಅಂದರೆ ಎಷ್ಟು ಜನರಲ್ಲಿ ಇಷ್ಟು ಸಾವು ಎಂಬುದನ್ನು, ಹೇಳಿಕೊಂಡಿದ್ದಾರೆ. ತಪ್ಪು ತೋರಿದರೆ ತಿದ್ದಲಿಕ್ಕೆ ಎಡೆಯುಂಟು.

ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಆ ಎಡೆ ಸ್ವಲ್ಪ ದೊಡ್ಡದೇ. ಎರಡು ಜನಗಣತಿಗಳ ನಡುವಣ ಇಳಿತವನ್ನೆಲ್ಲ ಇನ್‌ಫ್ಲುಯೆಂಜಾದ ತಲೆಗೆ ಕಟ್ಟುವ ಪದ್ಧತಿ ಉತ್ತರ ಕನ್ನಡದಲ್ಲಿ ನಡೆಯದು. 1901ರಲ್ಲಿ ಇಲ್ಲಿ 4,54,490 ಜನರಿದ್ದರು. 1911ರ ಎಣಿಕೆಯಲ್ಲಿಯೇ, ಇನ್‌ಫ್ಲುಯೆಂಜಾದ ಹೆಸರು ಕೂಡ ಇಲ್ಲಿ ಕೇಳದಿದ್ದಾಗ, ಆ ಸಂಖ್ಯೆ ಇಳಿದಿತ್ತು. 1921ರಲ್ಲಿ ಮತ್ತೂ ಇಳಿಯಿತು. ಘಟ್ಟದ ಕಾಡುಗಳ ಮಲೇರಿಯಾ ಮೊದಲಿನಿಂದಲೂ ತನ್ನ ಕೆಲಸವನ್ನು ಮಾಡುತ್ತಿದ್ದಿತು. ಮಳೆಗಾಲ ಕಳೆದ ಮೇಲೆ ಜ್ವರದ ಅಂಕಣ ತುಂಬುವುದು ಈ ಸೀಮೆಯಲ್ಲಿ ಹೊಸದಲ್ಲ. 1918ರ ಎರಡನೆಯ, ಘೋರವಾದ ಅಲೆಯೂ ಅದೇ ಋತುವಿನಲ್ಲಿಯೇ ಬಂದಿತು. ಗ್ರಾಮಾಧಿಕಾರಿಯು ಎರಡನ್ನೂ ಒಂದೇ ಅಂಕಣದಲ್ಲಿ ಬರೆದುದಕ್ಕೆ ಅವನನ್ನು ಹಳಿಯಬೇಕಾಗಿಲ್ಲ. ಸೂಕ್ಷ್ಮದರ್ಶಕಗಳನ್ನು ಜೊತೆಗಿಟ್ಟುಕೊಂಡು ಹೋದ ದಂಡಿಗೇ ಈ ಭೇದ ಸುಲಭವಾಗಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಮೈಸೂರಿನ ಲ್ಯಾನ್ಸರರೂ ಇದ್ದರೆಂಬುದನ್ನು ಕನ್ನಡಿಗರೆಲ್ಲ ಬಲ್ಲರು. ಅದರ ಬೆನ್ನಿಗೇ ಅಕ್ಟೋಬರಿನಲ್ಲಿ ಆ ಕುದುರೆದಂಡು ಉತ್ತರಕ್ಕೆ ಅಲೆಪ್ಪೋದವರೆಗೆ ನಡೆದಾಗ, ಜೋರ್ಡಾನ್ ಕಣಿವೆಯ ಮಲೇರಿಯಾ ಹಾಗೂ ಇನ್‌ಫ್ಲುಯೆಂಜಾ ಎರಡೂ ಒಟ್ಟಿಗೆ ಎದ್ದು ಪಲಟಣಗಳನ್ನು ಬರಿದುಮಾಡಿದುದನ್ನು ಅಷ್ಟು ಮಂದಿ ಬಲ್ಲವರಲ್ಲ. ಮಲೇರಿಯಾ ಸೊಳ್ಳೆ ಕಚ್ಚಿದ ಎರಡು ವಾರದ ಹೊತ್ತಿಗೆ ತಲೆಯೆತ್ತುತ್ತದೆ. ಆ ವೇಳೆಗೆ ದಂಡು ಬೇರೆಯೊಂದು ನಾಡಿನಲ್ಲಿತ್ತು, ಅಲ್ಲಿ ಇನ್‌ಫ್ಲುಯೆಂಜಾ ಕಾದಿತ್ತು. ಒಬ್ಬನೇ ಸವಾರನಲ್ಲಿ ಎರಡೂ ಸೇರಿದ್ದರೆ ಅವನನ್ನು ಯಾವ ಅಂಕಣದಲ್ಲಿ ಬರೆಯುವುದು? ದಂಡಿನ ಕಾಗದಗಳಲ್ಲಿ ಒಂದು ರೋಗದ ಹೆಸರು ಸ್ಪಷ್ಟವಾಗಿ ಕಂಡಮಾತ್ರಕ್ಕೆ ರೋಗವೂ ಅಷ್ಟೇ ಸ್ಪಷ್ಟವಾಗಿತ್ತೆಂದು ನಂಬಲಾಗದು.

ಮುಂಬಯಿಯಲ್ಲಿ ರೋಗ ಮೊದಲು ಕಂಡದ್ದು 1918ರ ಜೂನ್ ತಿಂಗಳಲ್ಲಿ, ಪೋಲೀಸು ಸಿಪಾಯಿಗಳಲ್ಲಿ. ಅವರಲ್ಲೊಬ್ಬನು ಹಡಗುಕಟ್ಟೆಯಲ್ಲಿ ಕಾವಲಿದ್ದವನು. ಮೇ ಕೊನೆಯಲ್ಲಿ ಬಂದ ದಂಡಿನ ಹಡಗೇ ಇದಕ್ಕೆ ಮೂಲವೆಂದು ನಗರದ ಆರೋಗ್ಯಾಧಿಕಾರಿ ಟರ್ನರ್ ಅವರು ವಾದಿಸಿದರು. ಹಡಗಿನವರಿಗೇ ಮುಂಬಯಿಯಿಂದ ರೋಗ ತಗಲಿತೆಂದು ಸರಕಾರದ ಕಡೆಯವರು ಪ್ರತಿವಾದ ಹೂಡಿದರು. ಈ ವಿವಾದದಲ್ಲಿ ಯಾರ ಪಕ್ಷವನ್ನು ಹಿಡಿದರೂ ಒಂದು ಮಾತನ್ನು ಮರೆಯುವಂತಿಲ್ಲ. ಪೋಲೀಸರಿಗೆ ತಮ್ಮದೇ ಆಸ್ಪತ್ರೆಯಿತ್ತು. ಏಳು ಮಂದಿ ಸಿಪಾಯಿಗಳು ಒಟ್ಟಿಗೆ ಮಲಗಿದರೆ ಅಲ್ಲಿ ಅದು ಕಣ್ಣಿಗೆ ಬೀಳುತ್ತಿತ್ತು. ಅದೇ ವಾರ ಗಿರಣಿಯ ಕೂಲಿಗಳ ಚಾಳಿನಲ್ಲಿ ಎಪ್ಪತ್ತು ಮಂದಿ ಮಲಗಿದ್ದರೂ ಬರೆದುಕೊಳ್ಳುವವರಿರಲಿಲ್ಲ. ಮೊದಲು ಎಣಿಸಲ್ಪಟ್ಟವರು ಮೊದಲು ರೋಗಿಗಳಾದವರೇ ಎಂಬ ನಿಯಮವಿಲ್ಲ.

ನೂರೆರಡು ವರ್ಷಗಳ ತರುವಾಯ ಈ ಮಾತು ಭಟ್ಕಳಕ್ಕೆ ಹಾಗೆಯೇ ಅನ್ವಯಿಸಿತು. 2020ರ ಮಾರ್ಚ್ ಕೊನೆಯ ವಾರದಲ್ಲಿ ದುಬಾಯಿಯಿಂದ ಮರಳಿದವರಲ್ಲಿ ಕೋವಿಡ್ ಕಂಡುಬಂದಿತು. ಜಿಲ್ಲೆಯ ಮೊದಲ ಸೋಂಕಿತರೆಲ್ಲ ಭಟ್ಕಳದವರೆಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿತು. ಊರಿನ ಹೆಸರೇ ರೋಗದ ಹೆಸರಾಗುವ ಮಟ್ಟಕ್ಕೆ ಮಾತು ಬೆಳೆಯಿತು. ಆದರೆ ಆ ತಿಂಗಳಲ್ಲಿ ಪರೀಕ್ಷೆ ನಡೆದದ್ದು ಯಾರ ಮೇಲೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಗಿನ ನಿಯಮದಂತೆ ಬಹುಮಟ್ಟಿಗೆ ಪರದೇಶದಿಂದ ಬಂದವರ ಮೇಲೆ ಮತ್ತು ಅವರ ಸಂಪರ್ಕಕ್ಕೆ ಬಂದವರ ಮೇಲೆ. ಭಟ್ಕಳವು ತಲೆಮಾರುಗಳಿಂದ ಕೊಲ್ಲಿಯ ನಾಡುಗಳೊಡನೆ ವ್ಯಾಪಾರ ಉದ್ಯೋಗಗಳ ನಂಟುಳ್ಳ ಊರು. ಬಲೆ ಬೀಸಿದಲ್ಲಿ ಮೀನು ಸಿಕ್ಕಿತು. ಬಲೆಯಿಲ್ಲದ ನೀರಿನಲ್ಲಿ ಮೀನಿಲ್ಲವೆಂದು ತೀರ್ಮಾನಿಸಿದವರು ಮೀನುಗಾರರಂತೂ ಆಗಿರಲಾರರು.

ಭಟ್ಕಳದ ಆ ಮೊದಲ ರೋಗಿಗಳ ಶುಶ್ರೂಷೆ ನಡೆದದ್ದು ಕಾರವಾರದ ನೌಕಾದಳದ ಆಸ್ಪತ್ರೆಯಾದ ಪತಂಜಲಿಯಲ್ಲಿ. ಜಿಲ್ಲಾಡಳಿತದ ಕೋರಿಕೆಯಂತೆ ನೌಕಾದಳದವರು ಬಲು ಬೇಗನೆ ಇದನ್ನು ಸಿದ್ಧಪಡಿಸಿ, ತಮ್ಮವರಲ್ಲದ ನಾಗರಿಕರನ್ನು ಒಳಗೆ ಸೇರಿಸಿಕೊಂಡರು. ಇದು ಮೆಚ್ಚತಕ್ಕ ಕೆಲಸವೆಂಬಲ್ಲಿ ಸಂದೇಹವಿಲ್ಲ. ಒಂಬತ್ತು ರೋಗಿಗಳಲ್ಲಿ ಎಂಟು ಮಂದಿ ಗುಣಹೊಂದಿ ಹೊರಟರೆಂದು ಏಪ್ರಿಲಿನಲ್ಲಿ ಪ್ರಕಟವಾಯಿತು. ಇದರಿಂದ ಕೆಲವರು, ದಂಡಿನ ವೈದ್ಯರ ಕೈಯಲ್ಲಿ ಈ ರೋಗ ನಿರಪಾಯವಾದುದೆಂದೂ, ಮತ್ತೆ ಕೆಲವರು, ರೋಗವೇ ಅಷ್ಟೊಂದು ಕ್ರೂರವಲ್ಲವೆಂದೂ ತೀರ್ಮಾನಿಸಿಕೊಂಡರು. ಒಂಬತ್ತು ಎಂಬ ಸಂಖ್ಯೆ ಇಷ್ಟು ಭಾರವನ್ನು ಹೊರಲಾರದು. ನೂರಕ್ಕೆ ಹತ್ತು ಮಂದಿಯನ್ನು ಕೊಲ್ಲುವಂಥ ರೋಗವಿದ್ದರೂ ಒಂಬತ್ತು ರೋಗಿಗಳಲ್ಲಿ ಒಬ್ಬನೂ ಸಾಯದೆ ಉಳಿಯುವ ಸಂಭವ ನೂರಕ್ಕೆ 39ರಷ್ಟಿರುತ್ತದೆ. ಗುಣಾಕಾರ ಬಲ್ಲ ಯಾರಾದರೂ 0.9ನ್ನು ಒಂಬತ್ತು ಸಲ ಗುಣಿಸಿ ನೋಡಿಕೊಳ್ಳಬಹುದು. ಮೇಲಾಗಿ ಈ ಒಂಬತ್ತು ಮಂದಿ ದಂಡಿನ ಆಸ್ಪತ್ರೆಯ ಪುಸ್ತಕದಲ್ಲಿದ್ದರೂ ದಂಡಿನವರಲ್ಲ. ನಾಳೆ ಯಾರಾದರೂ ನೌಕಾದಳದ ರೋಗಪ್ರಮಾಣವನ್ನು ಲೆಕ್ಕ ಹಾಕುವಾಗ ಇವರನ್ನು ಅಂಶದಲ್ಲಿ ಸೇರಿಸಿ, ಛೇದದಲ್ಲಿ ನಾವಿಕರನ್ನು ಮಾತ್ರ ಇಟ್ಟರೆ, ಬರುವ ಭಾಗಲಬ್ಧಕ್ಕೆ ಅರ್ಥವೇ ಇರುವುದಿಲ್ಲ.

ಆ ವರ್ಷ ಜಗತ್ತಿನಲ್ಲೆಲ್ಲ ಉದಾಹರಣೆಗೆ ಬಂದ ದಂಡಿನ ಲೆಕ್ಕವೆಂದರೆ ಅಮೇರಿಕದ ‘ಥಿಯೊಡೋರ್ ರೂಸವೆಲ್ಟ್’ ಎಂಬ ಯುದ್ಧನೌಕೆಯದು. ಎಣಿಕೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ಹಡಗಿನಲ್ಲಿದ್ದವರು 4,779, ಸೋಂಕು ತಗಲಿತೆಂದು ಪರೀಕ್ಷೆಯಲ್ಲಿ ತಿಳಿದುಬಂದವರು 1,271, ಪರೀಕ್ಷೆಯ ದಿನ ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ, ಸತ್ತವನು ಒಬ್ಬ. ಲಕ್ಷಣವಿಲ್ಲದವರಿಂದಲೂ ರೋಗ ಹಬ್ಬಬಲ್ಲುದೆಂಬ ವಿಷಯವನ್ನು ಈ ಲೆಕ್ಕವು ಚೆನ್ನಾಗಿ ತೋರಿಸಿತು. ಅದಕ್ಕಾಗಿ ಅದನ್ನು ಗೌರವಿಸಬೇಕು. ಆದರೆ ‘ಸಾವಿರದ ಇನ್ನೂರರಲ್ಲಿ ಒಂದೇ ಸಾವು’ ಎಂಬ ಭಾಗವನ್ನಷ್ಟೇ ಕಿತ್ತುಕೊಂಡು ಊರೂರಿಗೆ ಅನ್ವಯಿಸಿದವರು ಸ್ಥಾಲೀಪುಲಾಕನ್ಯಾಯವನ್ನು ಕೆಡಿಸಿದರು. ಹಡಗಿನವರ ಸರಾಸರಿ ವಯಸ್ಸು 27. ನಮ್ಮ ಮೂರು ತಾಲೂಕುಗಳಲ್ಲಿ ಒಂದೊಂದಕ್ಕೂ 2011ರ ಎಣಿಕೆಯಂತೆ ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟು ಜನಸಂಖ್ಯೆಯುಂಟು. ಹಡಗಿನಂತೆಯೇ ಇಲ್ಲಿಯೂ ಕಾಲು ಭಾಗ ಜನರಿಗೆ, ಎಂದರೆ 37,500 ಮಂದಿಗೆ, ಸೋಂಕು ತಗಲಿತೆಂದು ಇಟ್ಟುಕೊಳ್ಳೋಣ. ಹಡಗಿನ ಪ್ರಮಾಣದಲ್ಲಿ ಒಂದು ತಾಲೂಕಿಗೆ ಬರುವ ಸಾವು ಸುಮಾರು 30. ಈಗ ವಯಸ್ಸನ್ನು ಗಮನಿಸೋಣ. 2020ರಲ್ಲಿಯೇ ಪ್ರಕಟವಾದ ಪ್ರಸಿದ್ಧ ಸಮೀಕ್ಷೆಯೊಂದರ ಪ್ರಕಾರ ಸೋಂಕು ತಗಲಿದ ನೂರು ಮಂದಿಯಲ್ಲಿ ಸಾಯುವವರು 25ರ ವಯಸ್ಸಿನಲ್ಲಿ 0.01, 55ರಲ್ಲಿ 0.4, 65ರಲ್ಲಿ 1.4, 75ರಲ್ಲಿ 4.6. 2011ರ ಎಣಿಕೆಯಂತೆ ಕರ್ನಾಟಕದಲ್ಲಿ ಅರುವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆಯಷ್ಟಿದ್ದರು. ಮೇಲಿನ 37,500ರಲ್ಲಿ ಇವರು ಸುಮಾರು 3,560. ಇವರೆಲ್ಲರೂ 65ರವರೆಂದು ಒರಟಾಗಿ ಹಿಡಿದರೂ ಈ ಮುದುಕರಲ್ಲಿಯೇ 50 ಸಾವುಗಳಾಗುತ್ತವೆ. ಹಡಗಿನ ಲೆಕ್ಕವು ಇಡೀ ತಾಲೂಕಿಗೆ ಕೊಟ್ಟದ್ದಕ್ಕಿಂತ ಇದೇ ಹೆಚ್ಚು. ಹಡಗಿನಲ್ಲಿ ಮುದುಕರಿಲ್ಲ, ಮಧುಮೇಹದಿಂದ ಕಾಲು ಕಳೆದುಕೊಂಡವರಿಲ್ಲ, ಗರ್ಭಿಣಿಯರಿಲ್ಲ. ನಮ್ಮ ಮನೆಗಳಲ್ಲಿ ಅವರೆಲ್ಲರೂ ಇದ್ದಾರೆ.

ಹೀಗೆ 1918ರಲ್ಲಿ ವಯಸ್ಸಿನ ಕಾರಣದಿಂದ ಲೆಕ್ಕವನ್ನು ಹಿಗ್ಗಿಸಿದ ಅಳತೆಗೋಲೇ 2020ರಲ್ಲಿ ಅದೇ ಕಾರಣದಿಂದ ಲೆಕ್ಕವನ್ನು ಕುಗ್ಗಿಸಿತು. ಕೋಲು ಬದಲಾಗಲಿಲ್ಲ, ರೋಗವು ಆರಿಸಿಕೊಂಡ ವಯಸ್ಸು ಬದಲಾಯಿತು. ಒಂದು ಸಾಂಕ್ರಾಮಿಕದಲ್ಲಿ ದಂಡಿನ ಲೆಕ್ಕಕ್ಕೆ ಮಾಡಿದ ತಿದ್ದುಪಡಿಯನ್ನು ಕಣ್ಣುಮುಚ್ಚಿ ಇನ್ನೊಂದಕ್ಕೆ ಎತ್ತಿಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಇದುವರೆಗೆ ಹೇಳಿದ ದೋಷಗಳೆಲ್ಲ ಸರಿಯಾದ ಲೆಕ್ಕವನ್ನು ತಪ್ಪಾಗಿ ಓದಿದುದರಿಂದ ಬಂದವು. ಲೆಕ್ಕವೇ ಕೆಟ್ಟಿದ್ದರೆ? 2022ರ ಜನವರಿ 24ರಂದು ಅಮೇರಿಕದ ಸೆನೆಟಿನ ಸದಸ್ಯ ರಾನ್ ಜಾನ್ಸನ್ ಅವರು ಕರೆದ ಸಭೆಯೊಂದರಲ್ಲಿ, ಅಲ್ಲಿನ ಸೇನೆಯ ರೋಗದಾಖಲೆಯ ಭಂಡಾರದಿಂದ ತೆಗೆದವೆಂದು ಕೆಲವು ಅಂಕಿಗಳನ್ನು ಮಂಡಿಸಲಾಯಿತು. 2016ರಿಂದ 2020ರವರೆಗಿನ ಸರಾಸರಿಗಿಂತ 2021ರಲ್ಲಿ ಗರ್ಭಪಾತ, ಅರ್ಬುದ, ನರಗಳ ರೋಗ ಮುಂತಾದುವು ಹಲವು ಪಟ್ಟು ಏರಿವೆಯೆಂದೂ, ಆ ವರ್ಷ ಹಾಕಿದ ಲಸಿಕೆಯೇ ಇದಕ್ಕೆ ಕಾರಣವೆಂದೂ ವಾದ. ಈ ಅಂಕಿಗಳು ಸಮುದ್ರ ದಾಟಿ ನಮ್ಮ ಜನರ ಕೈಯ ಫೋನುಗಳಿಗೂ ಬಂದುವು. ಸೇನೆಯ ಆರೋಗ್ಯ ಇಲಾಖೆಯ ಉತ್ತರ ಹೀಗಿತ್ತು: 2021ರ ಅಂಕಿಗಳು ಸರಿಯಾದುವು, ಭಂಡಾರದ ಯಂತ್ರದೋಷದಿಂದ ಹಿಂದಿನ ಐದು ವರ್ಷಗಳ ದಾಖಲೆಗಳಲ್ಲಿ ಅಲ್ಪಭಾಗ ಮಾತ್ರ ಎಣಿಕೆಗೆ ಬಂದಿದ್ದಿತು, ಅವನ್ನು ಸರಿಪಡಿಸಿದಾಗ ಏರಿಕೆ ಮಾಯವಾಯಿತು.

ತಪ್ಪು ಸಿಕ್ಕಿದ ಮೇಲೆ ಇಲಾಖೆ ಹೇಳಿಕೊಂಡ ಸಮಾಧಾನವನ್ನು ನಾವೇಕೆ ನಂಬಬೇಕೆಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ಇಲ್ಲಿ ಯಾರನ್ನೂ ನಂಬುವ ಅಗತ್ಯವಿರಲಿಲ್ಲ. ಅಂಕಿಗಳೇ ಸಾಕ್ಷಿ ನುಡಿಯುತ್ತಿದ್ದುವು. ಮಂಡಿಸಿದ ಪಟ್ಟಿಯ ಪ್ರಕಾರ ಹಿಂದಿನ ವರ್ಷಗಳಲ್ಲಿ ಎಲ್ಲ ರೋಗಗಳೂ ಸೇರಿ ವರ್ಷಕ್ಕೆ ಸುಮಾರು 20 ಲಕ್ಷ ದಾಖಲೆಗಳು, 2021ರಲ್ಲಿ 2 ಕೋಟಿಗೂ ಮೇಲೆ. ಸೇನೆ ಹತ್ತು ಪಟ್ಟು ಬೆಳೆದಿರಲಿಲ್ಲ. ರೋಗವು ಒಂದೇ ಆದರೆ ಏರಬಹುದು, ಎರಡಾದರೂ ಏರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ರೋಗಗಳೆಲ್ಲವೂ ಒಂದೇ ವರ್ಷ, ಒಂದೇ ರೀತಿಯಲ್ಲಿ ಏರಿದರೆ ಏರಿದ್ದು ರೋಗವಲ್ಲ, ಬರೆಹ. ಅದೇ ಇಲಾಖೆ ಹಿಂದಿನ ವರ್ಷಗಳಲ್ಲಿ, ಈ ವಿವಾದ ಹುಟ್ಟುವ ಮೊದಲೇ, ಅಚ್ಚು ಹಾಕಿಸಿದ ವರದಿಗಳಲ್ಲಿ ಇಂಥ ಮೊತ್ತಗಳು ಕೋಟಿಯ ಮೇಲಿದ್ದುವು. ಇನ್ನು ‘ದಾಖಲೆ’ ಎಂದರೆ ರೋಗಿಯಲ್ಲವೆಂಬುದನ್ನೂ ಅಲ್ಲಿ ಯಾರೂ ನೆನೆಯಲಿಲ್ಲ. ಒಬ್ಬನೇ ಸಿಪಾಯಿ ಬೆನ್ನುನೋವೆಂದು ಹತ್ತು ಸಲ ವೈದ್ಯನ ಬಳಿಗೆ ಹೋದರೆ ಹತ್ತು ದಾಖಲೆಗಳಾಗುತ್ತವೆ. ಇಲಾಖೆಯೂ ತನ್ನ ಭಂಡಾರದ ದೋಷವನ್ನು ಪರರು ಎತ್ತಿ ತೋರಿಸುವವರೆಗೆ ಕಾಣದೆ ಹೋದುದಕ್ಕೆ ದೂಷಣೆಗೆ ಅರ್ಹವೇ.

ಕಡೆಯದಾಗಿ, ದಂಡಿನ ಲೆಕ್ಕದಿಂದ ನಮ್ಮ ಕರಾವಳಿಯವರು ಕಲಿಯಬೇಕಾದುದೂ ಒಂದುಂಟು. ಈ ವಿಮರ್ಶೆ ಬರಿಯ ನಿಂದೆಯೆಂದು ವಾಚಕರು ತಿಳಿಯಬಾರದು. ಸಿಪಾಯಿಯು ಎಲ್ಲಿ ಸತ್ತರೂ ತನ್ನ ಪಲಟಣದ ಲೆಕ್ಕದಲ್ಲಿಯೇ ಸಾಯುತ್ತಾನೆ. ನಮ್ಮಲ್ಲಿ ಹಾಗಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಸಾವು ನಡೆದ ಸ್ಥಳದಲ್ಲಿ ಅದರ ನೋಂದಣಿಯಾಗುತ್ತದೆ. ಉತ್ತರ ಕನ್ನಡದಲ್ಲಿ ದೊಡ್ಡ ರೋಗಗಳಿಗೆ ತಕ್ಕ ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2019ರಲ್ಲಿ ಎಬ್ಬಿಸಿದ ಕೂಗು ಓದುಗರ ನೆನಪಿನಲ್ಲಿರಬಹುದು. ಭಟ್ಕಳ ಹೊನ್ನಾವರಗಳಲ್ಲಿ ರೋಗ ಬಿಗಡಾಯಿಸಿದರೆ ಗಾಡಿ ತೆಂಕಕ್ಕೆ, ಮಣಿಪಾಲಕ್ಕೋ ಮಂಗಳೂರಿಗೋ ಹೊರಡುತ್ತದೆ. ಕುಮಟೆಯಿಂದ ಅಲ್ಲಿಗೂ ಹೋಗುತ್ತದೆ, ಘಟ್ಟ ಹತ್ತಿ ಹುಬ್ಬಳ್ಳಿಗೂ ಹೋಗುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದ ಕಟ್ಟೆಯ ಬಳಿ ಮಗುಚಿ ನಾಲ್ವರು ತೀರಿಕೊಂಡರು. ಶಿರೂರು ಇರುವುದು ಉಡುಪಿ ಜಿಲ್ಲೆಯಲ್ಲಿ. ಹೊನ್ನಾವರದ ಪುಸ್ತಕದಿಂದ ಅಂಥ ಸಾವುಗಳು ಎಲ್ಲಿ ಜಾರುತ್ತವೆಂಬುದಕ್ಕೆ ಬೇರೆ ನಿದರ್ಶನ ಬೇಡ.

2020 ಮತ್ತು 2021ರಲ್ಲಿ ಈ ಮೂರು ತಾಲೂಕುಗಳ ಮರಣಪ್ರಮಾಣವನ್ನು ತಿಳಿಯಬಯಸುವವರು ಆದುದರಿಂದ ತಾಲೂಕಿನ ನೋಂದಣಿಯನ್ನು ನೋಡಿ ಕೈತೊಳೆದುಕೊಳ್ಳುವಂತಿಲ್ಲ. ಛೇದದ ತೊಂದರೆ ಇದ್ದೇ ಇದೆ: 2021ರ ಜನಗಣತಿ ಆ ವರ್ಷ ನಡೆಯಲಿಲ್ಲ, 2011ರ ಎಣಿಕೆಯಲ್ಲಿದ್ದವರಲ್ಲಿ ಎಷ್ಟೋ ಮಂದಿ ಕೊಲ್ಲಿಯಲ್ಲಿಯೂ ಗೋವೆಯಲ್ಲಿಯೂ ಇದ್ದರು, ಅವರಲ್ಲಿ ಎಷ್ಟೋ ಮಂದಿ ಆ ಬೇಸಗೆಯಲ್ಲಿ ಒಮ್ಮೆಲೇ ಮರಳಿ ಬಂದರು. ಆದರೆ ಅಂಶದ ತೊಂದರೆಗೆ ಉಪಾಯವುಂಟು. ಮರಣ ನೋಂದಣಿಯ ನಮೂನೆಯಲ್ಲಿ ಸತ್ತವರ ವಾಸದ ಊರನ್ನು ಬರೆಯುವ ಜಾಗವಿದೆ. ಉಡುಪಿ, ದಕ್ಷಿಣ ಕನ್ನಡ, ಧಾರವಾಡ ಜಿಲ್ಲೆಗಳ ಆ ಎರಡು ವರ್ಷಗಳ ನಮೂನೆಗಳನ್ನು ವಾಸದ ಊರಿನಂತೆ ವಿಂಗಡಿಸಿ, ಭಟ್ಕಳ ಹೊನ್ನಾವರ ಕುಮಟೆಗಳವರನ್ನು ಅವರವರ ತಾಲೂಕಿಗೆ ಮರಳಿಸಿ ಕೂಡಿಸಿದ ಪಟ್ಟಿಯೊಂದು ಸಿದ್ಧವಾಗಬೇಕು. 2018 ಮತ್ತು 2019ರ ನಮೂನೆಗಳನ್ನೂ ಅದೇ ಬಗೆಯಲ್ಲಿ ವಿಂಗಡಿಸಿದರೆ ಹೋಲಿಕೆಗೆ ಆಧಾರ ದೊರೆಯುತ್ತದೆ.